ಸದ್ದಿಲ್ಲದ ಬೀದಿಗೆ ಅಭಿನಂದನೆ

ಮಾರ್ಚ್ ೬

ಪುಟ್ಟಿ,

ನಿನ್ನ ಪತ್ರ ಬಂತು. ಹೊಸ ಕೋಣೆಯ ಕಿಟಕಿ ಬಸ್ ಡಿಪೋ ಕಡೆಗಿದೆ, ಬೆಳಕು ಹರಿಯುವ ಮೊದಲೇ ಇಂಜಿನ್‌ಗಳ ಗುರುಗುರು ಶುರು ಎಂದು ಬರೆದಿದ್ದೀಯ. ಸದ್ದು ಅಳೆಯುವ ಕೆಲಸಕ್ಕೆ ಸೇರಿದವಳಿಗೆ ಸದ್ದೇ ನೆರೆಮನೆಯಾದರೆ ಒಳ್ಳೆಯದೇ ತಾನೇ. ಆಫೀಸಿಗೆ ಹೋಗುವ ಮೊದಲೇ ಅರ್ಧ ಕೆಲಸ ಮುಗಿಯಿತು ಎಂದುಕೋ.

ಯಾಕೆ ಫೋನ್ ಎತ್ತುವುದಿಲ್ಲ ಎಂದು ಕೇಳಿದ್ದೀಯ. ಕೇಳುತ್ತೀಯ ಎಂದು ಗೊತ್ತಿತ್ತು, ಉತ್ತರವನ್ನು ಮೊದಲೇ ಹೊಲಿದಿಟ್ಟಿದ್ದೇನೆ. ಪೇಪರ್ ಓದಿದೆಯಾ? ಈಗ ಕಳ್ಳರು ಮಕ್ಕಳ ಧ್ವನಿಯನ್ನೇ ನಕಲು ಮಾಡಿ ಅಪ್ಪ ಅಮ್ಮಂದಿರಿಗೆ ಫೋನ್ ಮಾಡುತ್ತಾರಂತೆ. "ಅಪ್ಪಾ, ಆಸ್ಪತ್ರೇಲಿದ್ದೀನಿ, ಬೇಗ ದುಡ್ಡು ಕಳ್ಸಪ್ಪಾ" ಎಂದು ನಿನ್ನದೇ ಗಂಟಲಿನಲ್ಲಿ ಅಳುತ್ತಾರಂತೆ. ಯಂತ್ರಕ್ಕೆ ನಿನ್ನ ನಾಲ್ಕು ಮಾತು ಸಿಕ್ಕರೆ ಸಾಕು, ಮಿಕ್ಕದ್ದನ್ನು ಅದೇ ಹೆಣೆದುಕೊಳ್ಳುತ್ತದಂತೆ. ಅದಕ್ಕೇ ನಾನು ತೀರ್ಮಾನ ಮಾಡಿದ್ದೇನೆ, ಪತ್ರವೇ ಕ್ಷೇಮ. ನಿನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರವನ್ನು ನಕಲು ಮಾಡುವ ಯಂತ್ರ ಇನ್ನೂ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ.

ಇನ್ನೊಂದು ಸುದ್ದಿ. ಹತ್ತು ನಿಮಿಷಕ್ಕೊಂದು ಅಂಗಿ ಹೊಲಿಯುವ ರೋಬೋಟ್ ಬಂದಿದೆಯಂತೆ. ಪಕ್ಕದ ಕನ್ನಡಕದಂಗಡಿಯವರು ಆ ಪುಟವನ್ನು ತಂದು, ನಾನು ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ಮೇಲೆ ಹರಡಿ, ನನ್ನ ಮುಖವನ್ನೇ ನೋಡುತ್ತ ನಿಂತರು. ಅಳುತ್ತೇನೆ ಎಂದುಕೊಂಡಿದ್ದರೋ ಏನೋ. "ಹೊಲೀಲಿ ಬಿಡಿ ಸಾರ್. ನಾಚಿಕೆ ಸ್ವಭಾವದ ಗಿರಾಕಿ ಬಂದಾಗ, ಹೊಟ್ಟೆ ಕಾಣದ ಹಾಗೆ ಒಂಚೂರು ಸಡಿಲ ಬಿಡ್ಲಾ ಅಂತ ಅದು ಮೆಲ್ಲಗೆ ಕೇಳತ್ತಾ?" ಎಂದೆ. ಅವರು ಆ ಪುಟವನ್ನು ಮಡಚಿಕೊಂಡು ಹೋದರು.

ಸರ್ಕಾರದ ಸಮಾಚಾರವೂ ಇದೆ. ಅರವತ್ತು ದಾಟಿದವರಿಗೆಲ್ಲ ಪುಕ್ಕಟೆ ಕಿವಿಯಂತ್ರ ಕೊಡುತ್ತಾರಂತೆ! ಓದಿ ಒಬ್ಬನೇ ನಕ್ಕೆ. ಬೀದಿಯ ಗುಂಡಿ ಮುಚ್ಚಲಾರದವರು ನಮ್ಮ ಕಿವಿಯ ತೂತು ಮುಚ್ಚಲು ಹೊರಟಿದ್ದಾರೆ.

ಅಮ್ಮ ಚೆನ್ನಾಗಿದ್ದಾಳೆ. ಗ್ರಂಥಾಲಯಕ್ಕೆ ಹೋಗುತ್ತಾಳೆ, ಬರುತ್ತಾಳೆ. ಮಾತು ಮಾತ್ರ ಕಡಿಮೆಯಾಗಿದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಾವೀಗ ಭಾರೀ ಶ್ರೀಮಂತರು.

ಬಸ್ ಡ್ರೈವರುಗಳ ಸಮವಸ್ತ್ರ ರಾಶಿ ಬಿದ್ದಿದೆ. ಇವತ್ತಿಗೆ ಇಷ್ಟು.

ಬೆರಳಿಗೆ ಸೀಮೆಸುಣ್ಣ ಮೆತ್ತಿಕೊಂಡೇ ಬರೆದ,
ನಿನ್ನ ಅಪ್ಪ

*

ಮಾರ್ಚ್ ೧೭

ಅಪ್ಪ,

ಧ್ವನಿ ಕಳ್ಳರ ವಿಷಯ ನಿಜ. ಆದರೆ ಅದಕ್ಕೆ ಮದ್ದೂ ಇದೆ. ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಇಟ್ಟುಕೊಳ್ಳೋಣ. ಫೋನ್ ಬಂದ ತಕ್ಷಣ ನೀನು, "ನನ್ನ ಕತ್ತರಿ ತಗೊಂಡು ನೀನು ಮೊದಲು ಕತ್ತರಿಸಿದ್ದು ಏನು?" ಎಂದು ಕೇಳು. "ಹೆಡ್‌ಮಾಸ್ಟರ ಕೋಟಿನ ತೋಳು" ಎಂದರೆ ನಾನು. ಬೇರೆ ಏನಾದರೂ ಹೇಳಿದರೆ ಕಳ್ಳ. ಆಯಿತಾ? ಇನ್ನಾದರೂ ಫೋನ್ ಎತ್ತು.

ಕೆಲಸ ಚೆನ್ನಾಗಿ ನಡೆದಿದೆ. ಒಂದು ಕೋಲು, ಕೋಲಿನ ತುದಿಗೆ ಮೀಟರು, ಮೀಟರಿಗೆ ಸ್ಪಂಜಿನ ಟೋಪಿ. ಅದನ್ನು ಹಿಡಿದುಕೊಂಡು ನಾಲ್ಕು ರಸ್ತೆ ಕೂಡುವ ಕಡೆ ನಿಲ್ಲುತ್ತೇನೆ. ಮೊನ್ನೆ ಒಬ್ಬ ಟ್ಯಾಕ್ಸಿಯವನು ಗಾಡಿ ನಿಲ್ಲಿಸಿ, "ಇದು ಮೈಕಾ ಮೇಡಂ? ನಮ್ ಕಷ್ಟ ಹೇಳ್ಕೋಬಹುದಾ?" ಎಂದ. ಅಲ್ಲ ಎನ್ನುವಷ್ಟರಲ್ಲಿ ಪೆಟ್ರೋಲ್ ಬೆಲೆ, ಏಕಮುಖ ರಸ್ತೆ, ಅವನ ಭಾವಮೈದ, ಎಲ್ಲರ ಮೇಲೂ ದೂರು ಹೇಳಿ ಮುಗಿಸಿದ. ಹಿಂದೆ ನಿಂತ ಗಾಡಿಗಳೆಲ್ಲ ಹಾರ್ನ್ ಬಾರಿಸಿದವು. ಆ ದಿನದ ನನ್ನ ಲೆಕ್ಕ ಪೂರ್ತಿ ಕೆಟ್ಟುಹೋಯಿತು.

ನಮ್ಮ ವರದಿಯ ಮೇಲೆಯೇ ಹಾರ್ನ್ ನಿಷೇಧದ ಕಾಯಿದೆ ಮಾಡುತ್ತಾರಂತೆ. ಮನೆಗಳಿರುವ ಬೀದಿ, ಶಾಲೆ, ಆಸ್ಪತ್ರೆಯ ಸುತ್ತ ಯಾರೂ ಹಾರ್ನ್ ಒತ್ತುವಂತಿಲ್ಲ. ದೇಶಕ್ಕೆಲ್ಲ ಒಂದೇ ನಿಯಮ. ನಿನ್ನ ಅಭಿಪ್ರಾಯ ಬರೆ. ಬೇಡ ಎಂದರೂ ಬರೆಯುತ್ತೀಯ, ಗೊತ್ತು.

ನಿನ್ನೆ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದೆ. ಅವಳದು ಅದೇ ಗ್ರಂಥಾಲಯದ ಪಿಸುಮಾತು, ನಾನು ಫೋನನ್ನು ಕಿವಿಯೊಳಗೇ ತುರುಕಿಕೊಳ್ಳಬೇಕು. "ಅಪ್ಪ ಹೇಗಿದ್ದಾರಮ್ಮ" ಎಂದರೆ "ಅವರಾ? ಅವರ ಪೇಪರ್ ಜೊತೆ ಸುಖವಾಗಿದ್ದಾರೆ" ಎಂದಳು. ಆ ಮಾತು ನನಗೆ ಸರಿ ಬರಲಿಲ್ಲ. ಏನಾದರೂ ಜಗಳವಾ?

ಕೋಲಿನ ತುದಿಯಿಂದ,
ನಿನ್ನ ಮಗಳು

*

ಏಪ್ರಿಲ್ ೯

ಮೀಟರ್ ಮೇಡಂ,

ಗುಟ್ಟಿನ ಪ್ರಶ್ನೆ ಒಳ್ಳೆಯ ಉಪಾಯ. ಆದರೆ ಫೋನಿನಿಂದ ಹೊರಡುವ ಕಿರಣಗಳ ಗತಿ ಏನು? ಕಿವಿಯ ಪಕ್ಕದಲ್ಲೇ ಮಿದುಳು ಇರುವುದು. ಹಾನಿಯಿಲ್ಲ ಎಂದು ಒಂದು ಸಂಶೋಧನೆ, ಇನ್ನೂ ನೋಡಬೇಕು ಎಂದು ಇನ್ನೊಂದು. ವಿಜ್ಞಾನಿಗಳೇ ಒಮ್ಮತಕ್ಕೆ ಬರದಿರುವಾಗ ನಾನು ಯಾಕೆ ಅವಸರಪಡಲಿ? ಅವರೆಲ್ಲ ಕೂತು ಮಾತಾಡಿ ಮುಗಿಸಲಿ, ಆಮೇಲೆ ಫೋನ್ ಎತ್ತುತ್ತೇನೆ.

ಹಾರ್ನ್ ಕಾಯಿದೆಯ ಬಗ್ಗೆ ಕೇಳಿದ್ದೀಯ. ಕೋಪ ಮಾಡಿಕೊಳ್ಳಬೇಡ, ಇದು ನಾಯಿ ಬಾಲಕ್ಕೆ ದಬ್ಬೆ ಕಟ್ಟುವ ಕೆಲಸ. ದಬ್ಬೆ ಬಿಚ್ಚಿದ ದಿನ ಮತ್ತೆ ಡೊಂಕು. ನಮ್ಮ ಜನಕ್ಕೆ ಹಾರ್ನ್ ಎಂದರೆ ಉಸಿರಾಟ. ನಿನ್ನ ಮೀಟರು ಪಾಪ ಏನು ಮಾಡೀತು.

ಜಗಳವಾ ಎಂದು ಕೇಳಿದ್ದೀಯ. ಇಲ್ಲ ಪುಟ್ಟಿ. ಜಗಳವಾಡಲಿಕ್ಕಾದರೂ ಮಾತು ಬೇಕಲ್ಲ.

ಹೇಳಬಾರದು ಎಂದುಕೊಂಡಿದ್ದೆ. ನಿನಗಲ್ಲದೆ ಯಾರಿಗೆ ಹೇಳಲಿ. ಹೋದ ವರ್ಷ ನೀನು ಆ ಊರಿಗೆ ಹೊರಟಾಗ ಅಮ್ಮನಿಗೆ ಮನಸ್ಸಿರಲಿಲ್ಲ. "ಕಲಿತ ವಿದ್ಯೆ ಪೆಟ್ಟಿಗೇಲಿಟ್ಟ ಬಟ್ಟೆ ಆಗ್ಬಾರ್ದು, ಹೋಗ್ಲಿ ಬಿಡು" ಎಂದು ಕಳಿಸಿದವನು ನಾನು. ಆಗಿನಿಂದ ಅವಳು ಮೌನಗೌರಿ. ನಿನಗೆ ನೆನಪಿದೆಯಲ್ಲ, ಮೊದಲು ನಾನು ಪೇಪರಿನ ಒಂದು ಸುದ್ದಿಗೆ ಒಂದು ಅಭಿಪ್ರಾಯ ಹೇಳಿದರೆ ಅವಳು ಅದಕ್ಕೆ ಎರಡು ತಪ್ಪು ಹುಡುಕುತ್ತಿದ್ದಳು. ನಾನು ಕಿರುಚುತ್ತಿದ್ದೆ, ಅವಳು ಪಿಸುಗುಟ್ಟುತ್ತಿದ್ದಳು, ಕೊನೆಗೆ ಗೆಲ್ಲುತ್ತಿದ್ದವಳು ಅವಳೇ. ಈಗ ಅಂಗಡಿಗೆ ಬೀಗ ಹಾಕಿ ಮೆಟ್ಟಿಲು ಹತ್ತಿ ಮೇಲೆ ಹೋದರೆ, ಬಾಗಿಲಿಗೆ ಬೆನ್ನು ಹಾಕಿ ಒಲೆಯ ಮುಂದೆ ನಿಂತಿರುತ್ತಾಳೆ. ಬಂದಿರಾ ಎಂದು ಒಂದು ಮಾತಿಲ್ಲ. ನಾನೂ ಸುಮ್ಮನೆ ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸುತ್ತೇನೆ. ಅಭಿಪ್ರಾಯಗಳು ತಲೆಯಲ್ಲೇ ಉಳಿದು ಕೊಳೆಯುತ್ತವೆ, ಅದಕ್ಕೇ ನಿನಗೆ ಇಷ್ಟುದ್ದ ಬರೆಯುವುದು. ಕಳಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅವಳಿಗೆ ನನ್ನ ಮೇಲೆ ಕೋಪ ಎನ್ನುವುದು ನನ್ನನ್ನು ತಿನ್ನುತ್ತಿದೆ.

ನೀನು ಇದನ್ನು ಅವಳ ಮುಂದೆ ಎತ್ತಬೇಡ.

ಕೆಟ್ಟ ಶೀತ ಹಿಡಿದಿದೆ. ತಲೆಯೊಳಗೆ ಹತ್ತಿ ತುಂಬಿದ ಹಾಗಿದೆ. ಅಂಗಡಿ ತೆರೆದಿಲ್ಲ.

ಸೀನುತ್ತಾ,
ಅಪ್ಪ

*

ಮೇ ೭

ಪುಟ್ಟೀ, ನನ್ನ ಚಿನ್ನದಂಥ ಮಗಳೇ,

ಸೋತೆ! ನಿನ್ನಪ್ಪ ಸೋತಿದ್ದಾನೆ, ಸೋತು ಖುಷಿಯಾಗಿದ್ದಾನೆ. ನಾಯಿ ಬಾಲ ನೆಟ್ಟಗಾಗಿದೆ!

ನಡೆದದ್ದು ಕೇಳು. ಶೀತದಿಂದ ಎದ್ದು ಅಂಗಡಿ ತೆರೆದು ಕೂತೆ. ಏನೋ ವ್ಯತ್ಯಾಸ ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು: ಬೀದಿಯಲ್ಲಿ ಹಾರ್ನ್ ಇಲ್ಲ! ಗಾಡಿಗಳು ಬರುತ್ತಿವೆ, ಹೋಗುತ್ತಿವೆ, ಸೀರೆಯ ಸೆರಗು ಸರಿದ ಹಾಗೆ. ಹಿಂದಿನ ವಾರದ ಪೇಪರ್ ತೆಗೆದು ನೋಡಿದರೆ ದಪ್ಪ ಅಕ್ಷರದಲ್ಲಿ "ಹಾರ್ನ್ ನಿಷೇಧಕ್ಕೆ ಒಪ್ಪಿಗೆ" ಎಂದಿದೆ. ನನ್ನ ಮಗಳು ಕೋಲು ಹಿಡಿದು ಬಿಸಿಲಲ್ಲಿ ನಿಂತದ್ದಕ್ಕೆ ಈ ಬೀದಿ ತಣ್ಣಗಾಗಿದೆ ಎಂದು ಎದೆಯುಬ್ಬಿತು. ಕಣ್ಣಲ್ಲಿ ನೀರೂ ಬಂತು, ಶೀತದ್ದಲ್ಲ.

ತಡೆಯಲಾಗದೆ ಪೇಪರಿನ ಓದುಗರ ವಿಭಾಗಕ್ಕೆ ಬರೆದೆ. ಅಚ್ಚಾಗಿದೆ! ಇಲ್ಲಿ ನಕಲು ಮಾಡಿದ್ದೇನೆ:

"ಮಾನ್ಯರೇ, ಸರ್ಕಾರವನ್ನು ಬೈಯುವುದೇ ಕೆಲಸವಾದ ನಮ್ಮಂಥವರು ಹೊಗಳುವ ಹೊತ್ತಿನಲ್ಲಿ ಹೊಗಳಬೇಕು. ಹಾರ್ನ್ ನಿಷೇಧದಿಂದ ನಮ್ಮ ಬೀದಿ ಎಷ್ಟು ಶಾಂತವಾಗಿದೆಯೆಂದರೆ, ಸೂಜಿ ಬಿದ್ದರೂ ಕೇಳಿಸುತ್ತದೆ. ಸೂಜಿಯ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು. ಇದಕ್ಕೆ ಕಾರಣರಾದ ಅಧಿಕಾರಿಗಳ ಕಿವಿಗೆ ನಮ್ಮ ವಂದನೆಗಳು ತಲುಪಲಿ. ಇತಿ, ಒಬ್ಬ ದರ್ಜಿ."

ಹೇಗಿದೆ? ಆದರೆ ಪುಟ್ಟಿ, ಒಂದು ಅರ್ಥವಾಗದ ಸಂಗತಿ. ಅದು ಅಚ್ಚಾದ ದಿನದಿಂದ ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದಾರೆ. ಕನ್ನಡಕದಂಗಡಿಯವರು ಬೆನ್ನು ತಟ್ಟಿ, "ಏನ್ ಚುಚ್ಚಿದ್ದೀರಿ ಸಾರ್! ಸೂಜಿ ಅಲ್ಲ, ದಬ್ಬಳ!" ಎಂದರು. ಬಸ್ ಡ್ರೈವರೊಬ್ಬ ಅಳತೆ ಕೊಡುತ್ತಾ ಕೊಡುತ್ತಾ ನಕ್ಕು ಟೇಪು ಜಾರಿಸಿದ. ಹೊಗಳಿದರೂ ಚುಚ್ಚಿದೆ ಎನ್ನುತ್ತಾರೆ. ಹೊಗಳಿಕೆ ಕೇಳಿ ಅಭ್ಯಾಸ ತಪ್ಪಿಹೋಗಿದೆ ಈ ಜನಕ್ಕೆ.

ಅಮ್ಮನಿಗೆ ತೋರಿಸಿದೆ. ಓದಿದಳು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ತುಟಿ ಅಲ್ಲಾಡಿತೋ ಇಲ್ಲವೋ. ಬೆನ್ನು ತಿರುಗಿಸಿ ಒಳಗೆ ಹೋದಳು. ಮಗಳ ಗೆಲುವಿಗೂ ಒಂದು ಮಾತಿಲ್ಲ.

ಹೆಮ್ಮೆಯಿಂದ,
ಒಬ್ಬ ದರ್ಜಿ, ನಿನ್ನ ಅಪ್ಪ

*

ಮೇ ೧೩

ಅಪ್ಪ,

ಪತ್ರ ಓದಿದೆ. ಪೇಪರಿನಲ್ಲೂ ಓದಿದ್ದೆ. ನಮ್ಮ ಸಾಹೇಬರು ಅದನ್ನು ಕತ್ತರಿಸಿ ಆಫೀಸಿನ ಗೋಡೆಗೆ ಅಂಟಿಸಿದ್ದಾರೆ. ಅದು ನೀನೇ ಎಂದು ನಾನು ಯಾರಿಗೂ ಹೇಳಿಲ್ಲ.

ಅದರ ಬಗ್ಗೆ ಒಂದು ಮಾತಿದೆ. ಬರೆಯುವುದಕ್ಕಿಂತ ಎದುರಿಗೆ ಹೇಳುವುದು ಒಳ್ಳೆಯದು. ಈ ಶನಿವಾರ ಬರುತ್ತೇನೆ. ಮೀಟರನ್ನೂ ತರುತ್ತೇನೆ, ನಿನ್ನ ಅಂಗಡಿಯ ಸದ್ದನ್ನೂ ಒಮ್ಮೆ ಅಳೆಯಬೇಕು.

ಬಸ್ ನಿಲ್ದಾಣಕ್ಕೆ ಬರಬೇಡ. ರಸ್ತೆ ದಾಟುವಾಗ ದಯವಿಟ್ಟು ಎರಡೂ ಕಡೆ ನೋಡು.

ನಿನ್ನ ಮಗಳು

*

ಮೇ ೨೨

ಅಪ್ಪ,

ಎದುರಿಗೆ ಹೇಳುತ್ತೇನೆ ಎಂದು ಬಂದವಳು ಹೇಳದೆ ವಾಪಸ್ ಬಂದೆ. ನೀನು ಅಷ್ಟು ಸಂತೋಷವಾಗಿದ್ದೆ, ಬಾಯಿ ಬರಲಿಲ್ಲ. ಈಗ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ಹಾರ್ನ್ ನಿಷೇಧ ಜಾರಿಗೆ ಬರುವುದು ಜುಲೈ ಒಂದನೇ ತಾರೀಖಿನಿಂದ. ಒಪ್ಪಿಗೆ ಮಾತ್ರ ಸಿಕ್ಕಿದೆ, ಇನ್ನೂ ಶುರುವಾಗಿಲ್ಲ. ನಿನ್ನ ಬೀದಿ ಎಂದಿನ ಹಾಗೇ ಕೂಗಾಡುತ್ತಿದೆ, ನಾನು ಅಳೆದು ನೋಡಿದ್ದೇನೆ. ನಿನ್ನ ಪತ್ರವನ್ನು ಜನ ವ್ಯಂಗ್ಯ ಎಂದುಕೊಂಡರು. ಗೋಡೆಯ ಮೇಲಿನ ಆ ತುಂಡನ್ನು ಓದಿ ನಮ್ಮ ಆಫೀಸಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನು ನಗಲಿಲ್ಲ. ಅಪ್ಪ ಸುಳ್ಳು ಹೊಗಳುವವನಲ್ಲ, ಬರೆದಿದ್ದಾನೆಂದರೆ ಅವನಿಗೆ ಬೀದಿ ನಿಜವಾಗಿಯೂ ಶಾಂತವಾಗಿದೆ. ಅದು ಹೊಳೆದ ಕೂಡಲೇ ಶನಿವಾರದ ಬಸ್ಸಿಗೆ ಟಿಕೆಟ್ ತೆಗೆದೆ.

ಶನಿವಾರ ನೀನು ಓವರ್‌ಲಾಕ್ ಮಶೀನಿನ ಮುಂದೆ ಕೂತಿದ್ದಾಗ ಹಿಂದೆ ನಿಂತು ಕರೆದೆ. "ಅಪ್ಪಾ." ಮತ್ತೆ ಕರೆದೆ. ಮಶೀನು ನಿಂತ ಮೇಲೂ ಕರೆದೆ. ನೀನು ದಾರ ಪೋಣಿಸುತ್ತಾ ಏನನ್ನೋ ಯೋಚಿಸಿ ಮುಗುಳ್ನಗುತ್ತಿದ್ದೆ. ಆ ಮಶೀನಿನ ಸದ್ದು ಸಣ್ಣದಲ್ಲ ಅಪ್ಪ, ಬೀದಿಗಿಂತ ಜೋರು. ಅದರ ಪಕ್ಕ ಆಯುಷ್ಯ ಕಳೆದಿದ್ದೀಯ. ಗಿರಾಕಿ ಬಂದರೆ ಅವರ ಬಾಯಿಯನ್ನೇ ನೋಡುತ್ತೀಯ, ಅಳತೆಯನ್ನು ನೀನೇ ಗಟ್ಟಿಯಾಗಿ ಹೇಳಿಕೊಳ್ಳುತ್ತೀಯ, ಆದ್ದರಿಂದ ಯಾರಿಗೂ ಗೊತ್ತಾಗಿಲ್ಲ. ಧ್ವನಿ ಕಳ್ಳರು, ಫೋನಿನ ಕಿರಣ ಎಂದೆಲ್ಲ ನೀನು ಬರೆದಾಗ ನಾನು ಒಂದೊಂದಕ್ಕೂ ಉತ್ತರ ಹುಡುಕುತ್ತಾ ಕೂತೆ. ಊರಿನ ಸದ್ದನ್ನೆಲ್ಲ ಅಳೆಯುತ್ತೇನೆ, ಅಪ್ಪನ ಕಿವಿ ಗೊತ್ತಾಗಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಇನ್ನೊಂದು. ಅಂದು ಸಂಜೆ ನಾನು ಅಡಿಗೆಮನೆಯಲ್ಲಿ ಕೂತಿದ್ದೆ. ನೀನು ಮೆಟ್ಟಿಲು ಹತ್ತಿ ಬಂದೆ. ಅಮ್ಮ ಒಲೆಯ ಕಡೆ ಮುಖ ಮಾಡಿಕೊಂಡೇ ನಿನಗೆ ಒಂದು ಮಾತು ಹೇಳಿದಳು. ನೀನು ಹಾಗೇ ದಾಟಿಕೊಂಡು ಹೋಗಿ ಪೇಪರ್ ಬಿಡಿಸಿದೆ. ಆಗ ಅವಳ ಮುಖ ಹೇಗಾಯಿತು ಎಂದು ನಾನು ನೋಡಿದೆ. ಆ ಮಾತು ಯಾವುದು ಎಂದು ನಾನು ಹೇಳುವುದಿಲ್ಲ. ಅದನ್ನು ನೀನೇ ಕೇಳಿಸಿಕೊಳ್ಳಬೇಕು.

ಆಸ್ಪತ್ರೆಗೆ ಹೋಗು ಅಪ್ಪ. ನೀನು ನಕ್ಕ ಆ ಪುಕ್ಕಟೆ ಯಂತ್ರ ನಿನಗಾಗಿಯೇ ಬಂದಿದೆ.

ಅಳುತ್ತಾ ಬರೆದಿಲ್ಲ, ಬರೆದ ಮೇಲೆ ಅತ್ತೆ.
ಮಗಳು

*

ಮೇ ೩೦

ಮಗಳಿಗೆ,

ನನ್ನ ಕಿವಿ ಸರಿಯಾಗಿದೆ. ಜನರ ಧ್ವನಿ ಸಣ್ಣದಾಗಿದೆ. ಎಲ್ಲರೂ ಫೋನಿನಲ್ಲಿ ಗೊಣಗಿ ಗೊಣಗಿ ಬಾಯಿ ತೆರೆಯುವುದನ್ನೇ ಮರೆತಿದ್ದಾರೆ. ಇದರ ಬಗ್ಗೆ ಯಾರಾದರೂ ಸಂಶೋಧನೆ ಮಾಡಬೇಕು. ಹಿಂದಿನಿಂದ ಬಂದು ಅಪ್ಪನಿಗೆ ಪರೀಕ್ಷೆ ಇಡುವುದನ್ನು ಯಾವ ಕಾಲೇಜಿನಲ್ಲಿ ಕಲಿಸಿದರು?

ಪೇಪರಿನವರಿಗೆ ತಿದ್ದುಪಡಿ ಕಳಿಸುವುದಿಲ್ಲ. ನಗಲಿ.

ಅಪ್ಪ

*

ಜೂನ್ ೧೨

ಏನೂಂದ್ರೆ,

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುತ್ತಿದ್ದಾಳಲ್ಲ ಎಂದು ನಗಬೇಡಿ. ಗ್ರಂಥಾಲಯದ ಚೀಟಿಗಳ ಹಿಂದೆ ಬರೆದು ನಿಮ್ಮ ಸೂಜಿ ಚುಚ್ಚುವ ದಿಂಬಿನ ಕೆಳಗೆ ಇಡುತ್ತಿದ್ದೇನೆ. ಅಲ್ಲಿಟ್ಟರೆ ನಿಮ್ಮ ಕಣ್ಣಿಗೆ ಬೀಳದೆ ಇರುವುದಿಲ್ಲ.

ಮಗಳು ಎಲ್ಲ ಹೇಳಿದಳು. ನನಗೆ ಹೇಳಬೇಡ ಎಂದಿದ್ದಿರಂತೆ, ಆದರೂ ಹೇಳಿದಳು, ಒಳ್ಳೆಯದೇ ಮಾಡಿದಳು. ನಾನು ಕೋಪದಿಂದ ಮಾತು ಬಿಟ್ಟಿದ್ದೇನೆ ಎಂದು ನೀವು ಅಂದುಕೊಂಡಿದ್ದೀರಿ. ನಾನು ಏನು ಅಂದುಕೊಂಡಿದ್ದೆ ಗೊತ್ತೇ? ಇವರಿಗೆ ನನ್ನ ಮಾತು ಸಾಕಾಗಿದೆ ಎಂದು. ಕೇಳಿದರೆ ಉತ್ತರವಿಲ್ಲ, ಕರೆದರೆ ತಿರುಗುವುದಿಲ್ಲ. ಪೇಪರಿಗೆ ಬರೆಯುತ್ತಾರೆ, ಮಗಳಿಗೆ ಪುಟಗಟ್ಟಲೆ ಬರೆಯುತ್ತಾರೆ, ಕನ್ನಡಕದಂಗಡಿಯವರ ಹತ್ತಿರ ಹರಟುತ್ತಾರೆ, ನನಗೆ ಮಾತ್ರ ಒಂದೂ ಇಲ್ಲ. ಕೌಂಟರಿನಲ್ಲಿ ಕೂತು ಇಷ್ಟು ವರ್ಷ ಊರಿನವರನ್ನೆಲ್ಲ "ಶ್" ಎಂದು ಸುಮ್ಮನಿರಿಸಿದ್ದಕ್ಕೆ ಇದು ಫಲ ಇರಬೇಕು ಎಂದುಕೊಂಡು ನಾನೂ ಮಾತು ಕಡಿಮೆ ಮಾಡಿದೆ. ಆದರೆ ಪೂರ್ತಿ ನಿಲ್ಲಿಸಿರಲಿಲ್ಲ. ದಿನವೂ ಸಂಜೆ ಒಂದು ಮಾತು ಕೇಳುತ್ತಲೇ ಇದ್ದೇನೆ.

ಮಗಳನ್ನು ಕಳಿಸಿದ್ದಕ್ಕೆ ಕೋಪವಾ? ಅವಳು ಊರು ಬಿಟ್ಟ ವಾರವೇ ಅದು ಕರಗಿತ್ತು.

ಕಣ್ಣಿಗೆ ಕನ್ನಡಕ ಬಂದ ದಿನ ನೀವು ಅದನ್ನು ಬೀದಿಗೆಲ್ಲ ತೋರಿಸಿ ಬಂದಿರಿ. ಕಿವಿ ಏನು ಪಾಪ ಮಾಡಿತ್ತು?

ಕೂಗಿ ಹೇಳಬಹುದಲ್ಲ ಎನ್ನುತ್ತೀರಿ. ನಾನೂ ಕೂಗಬಲ್ಲೆ. ಆದರೆ ಕೆಲವು ಮಾತು ಕೂಗಿ ಹೇಳುವಂಥವಲ್ಲ.

ಗುರುವಾರ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದೇನೆ. ಅರ್ಧ ದಿನ ರಜೆ ಹಾಕಿದ್ದೇನೆ. ನೀಲಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ.

ಮೇಲಿನ ಮನೆಯವಳು

*

ಜುಲೈ ೪

ಪುಟ್ಟಿ,

ನಿನ್ನ ಅಮ್ಮ ಮತ್ತು ನೀನು ಸೇರಿ ನನ್ನನ್ನು ಎರಡೂ ಕಡೆಯಿಂದ ಹೊಲಿದಿರಿ. ತಪ್ಪಿಸಿಕೊಳ್ಳಲು ಒಂದು ಕಾಜಾದಷ್ಟೂ ತೂತು ಬಿಡಲಿಲ್ಲ.

ಕಳೆದ ಪತ್ರದಲ್ಲಿ ಒರಟಾಗಿ ಬರೆದೆ. ಸಿಟ್ಟು ನಿನ್ನ ಮೇಲಲ್ಲ. ಮುದುಕನಾದೆನಲ್ಲ ಎಂದು ಹೆದರಿದ್ದೆ, ಅಷ್ಟೇ. ಅಮ್ಮನ ಚೀಟಿ ಸಿಕ್ಕಿದ ದಿನ ಒಂದು ಪ್ಯಾಂಟಿಗೆ ಎರಡೂ ಎಡಗಾಲು ಕತ್ತರಿಸಿಟ್ಟೆ. ಅಂಥ ಕೆಲಸ ನಾನು ಕಲಿಯುವಾಗಲೂ ಮಾಡಿರಲಿಲ್ಲ.

ಆಸ್ಪತ್ರೆಯಲ್ಲಿ ಎರಡು ಸಲ ನೋಡಿದರು. ಡಾಕ್ಟರು ನಿನಗಿಂತ ಚಿಕ್ಕವಳು. ಮೊದಲ ಸಲ ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿಗೆ ಡಬ್ಬಿ ಹಾಕಿ, "ಸದ್ದು ಕೇಳಿದಾಗ ಕೈ ಎತ್ತಿ" ಎಂದಳು. ನಾನು ಶಾಲೆಯಲ್ಲಿ ಕೂಡ ಅಷ್ಟು ಶ್ರದ್ಧೆಯಿಂದ ಕೂತಿರಲಿಲ್ಲ. ಕಾಯುತ್ತಾ ಕೂತೆ. ಎಷ್ಟು ಹೊತ್ತು ಕಳೆದರೂ ಸದ್ದೇ ಬರಲಿಲ್ಲ. ಯಂತ್ರ ಕೆಟ್ಟಿದೆ ಎಂದು ಹೇಳಲು ತಿರುಗಿದರೆ, ಗಾಜಿನ ಆಚೆ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊರಗಿನ ಸ್ಪೀಕರಿನಲ್ಲಿ ಅವಳಿಗೆ ಆ ಸದ್ದೆಲ್ಲ ಕೇಳಿಸುತ್ತಿತ್ತಂತೆ.

ಶೀತದ ನೀರು ಕಿವಿಯೊಳಗೆ ನಿಂತಿತ್ತು, ಅದರ ಮೇಲೆ ಗುಗ್ಗೆ. ಅದಕ್ಕೆ ಔಷಧಿ ಕೊಟ್ಟು, ಮೊನ್ನೆ ಎರಡನೇ ಸಲ ಹೋದಾಗ ಸ್ವಚ್ಛ ಮಾಡಿದರು. ಆದರೆ ಅದು ಈಚಿನದು, ಹಳೆಯದು ಮಶೀನಿನ ಪ್ರಸಾದ, ಅದು ಹೋಗುವುದಿಲ್ಲವಂತೆ. ಸಣ್ಣ ದನಿಗಳೇ ಮೊದಲು ಹೋಗುವುದಂತೆ. ನಮ್ಮ ಮನೆಯಲ್ಲಿ ಸಣ್ಣ ದನಿಯವಳು ಯಾರು ಹೇಳು.

ಸ್ವಚ್ಛ ಮಾಡಿಸಿಕೊಂಡು ಆಸ್ಪತ್ರೆಯ ಗೇಟು ದಾಟಿದ್ದೇ ತಡ, ಒಬ್ಬ ಟ್ಯಾಕ್ಸಿಯವನು ನನ್ನ ಬೆನ್ನ ಹಿಂದೆ ಹಾರ್ನ್ ಬಾರಿಸಿದ ನೋಡು, ಎಗರಿಬಿದ್ದೆ. ನಿನ್ನ ಕಾಯಿದೆ ಶುರುವಾಗಿ ಆಗಲೇ ಒಂದು ದಿನ ಆಗಿತ್ತು. ಅಮ್ಮ ಬೀದಿಯಲ್ಲೇ ನಿಂತು ನಕ್ಕಳು. ನಗುವುದು ಕಾಣಿಸಿತು, ಕೇಳಿಸಲಿಲ್ಲ. ಕಿವಿಯಂತ್ರ ಬಂದ ಮೇಲೆ ಕೇಳಿಸುತ್ತದಂತೆ. ಸರದಿ ಇದೆ, ಈ ತಿಂಗಳ ಕೊನೆಗೆ ಕೊಡುತ್ತಾರೆ.

ಆ ಯೋಜನೆಯ ಬಗ್ಗೆ ಹಿಂದೆ ಏನೋ ಬರೆದಿದ್ದೆ. ಆ ಪತ್ರವನ್ನು ಹರಿದುಹಾಕು.

ಕಾಯುತ್ತಿರುವ,
ಅಪ್ಪ

*

ಜುಲೈ ೧೨

ಅಪ್ಪ,

ಹರಿದುಹಾಕುವುದಿಲ್ಲ. ಗೋಡೆಗೆ ಅಂಟಿಸಲು ನಮ್ಮ ಸಾಹೇಬರಿಗೆ ಕೊಡುತ್ತೇನೆ ಎಂದು ಹೆದರಿಸಲು ಇಟ್ಟುಕೊಂಡಿದ್ದೇನೆ.

ಇವತ್ತು ಅವರಿಗೆ ನಿಜ ಹೇಳಿಬಿಟ್ಟೆ, ಆ ದರ್ಜಿ ನಮ್ಮಪ್ಪ, ಅದು ವ್ಯಂಗ್ಯವಲ್ಲ ಎಂದು. ಅವರು ಎದ್ದು ಹೋಗಿ ಆ ತುಂಡನ್ನು ಗೋಡೆಯಿಂದ ತೆಗೆದು, ಅಂಚು ನೇರ ಮಾಡಿ, ತಮ್ಮ ಮೇಜಿನ ಗಾಜಿನ ಕೆಳಗಿಟ್ಟರು. "ನಮ್ಮನ್ನ ಮನಸಾರೆ ಹೊಗಳಿದವರು ಇವರೊಬ್ರೇ ಕಣಮ್ಮ, ಇರ್ಲಿ" ಎಂದರು.

ಮುಂದಿನ ತಿಂಗಳಿನಿಂದ ಹೊಲಿಗೆ ಅಂಗಡಿ, ಮುದ್ರಣಾಲಯಗಳ ಒಳಗಿನ ಸದ್ದನ್ನೂ ಅಳೆಯೋಣ ಎಂದು ಕೇಳಿದ್ದೇನೆ. ಒಪ್ಪುವ ಹಾಗಿದ್ದಾರೆ. ಅಲ್ಲಿಯವರೆಗೆ ನೀನು ಮಶೀನಿನ ಮುಂದೆ ಕೂರುವಾಗ ನಾನು ಕಳಿಸಿರುವ ರಬ್ಬರ್ ಬಿರಡೆ ಕಿವಿಗೆ ಹಾಕು. ಇದು ಅಭಿಪ್ರಾಯವಲ್ಲ, ಆಜ್ಞೆ.

ಮೀಟರ್ ಮೇಡಂ

*

ಆಗಸ್ಟ್ ೩

ಪುಟ್ಟಿ,

ಯಂತ್ರ ಬಂತು. ಕಾಲರಿನ ಗುಂಡಿಯಷ್ಟೂ ಇಲ್ಲ. ಹಾಕಿಕೊಂಡು ಕನ್ನಡಕದಂಗಡಿಯವರಿಗೆ ತೋರಿಸಿ ಬಂದೆ. "ಎಲ್ಲಿದೆ ಸಾರ್, ಕಾಣ್ತಾನೇ ಇಲ್ಲ" ಎಂದರು. ಅವರ ಕನ್ನಡಕವನ್ನೇ ತೆಗೆದು ಒರೆಸಿಕೊಟ್ಟೆ.

ಪ್ರಪಂಚಕ್ಕೆ ಇಷ್ಟು ಸದ್ದಿದೆ ಎಂದು ಮರೆತೇ ಹೋಗಿತ್ತು. ಪೇಪರಿನ ಪುಟ ತಿರುಗಿಸಿದರೆ ತಗಡು ಮಡಚಿದ ಹಾಗಿದೆ. ನಾನು ರೊಟ್ಟಿ ಅಗಿಯುವುದು ನನಗೇ ಕೇಳಿ ನಾಚಿಕೆಯಾಯಿತು. ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆದರೆ ಸದ್ದಾಗುತ್ತದೆ ಪುಟ್ಟಿ! ಮೆತ್ತಗೆ, ಗೀರಿದ ಹಾಗೆ. ಹುಡುಗನಾಗಿದ್ದಾಗ ಕೇಳಿದ್ದೆ. ನಿಂತುಬಿಟ್ಟೆ. ಗಿರಾಕಿಯ ಬಟ್ಟೆ ಎಂಬುದನ್ನೂ ಮರೆತು ಸುಮ್ಮನೆ ನಾಲ್ಕು ಗೆರೆ ಜಾಸ್ತಿ ಎಳೆದೆ. ಓವರ್‌ಲಾಕ್ ಮಶೀನು ಮಾತ್ರ ರಾಕ್ಷಸ. ನಿನ್ನ ಬಿರಡೆಯಿಲ್ಲದೆ ಈಗ ಅದರ ಹತ್ತಿರ ಹೋಗುವುದಿಲ್ಲ.

ಇನ್ನು ಬೀದಿ. ನಿಷೇಧ ಬಂದು ತಿಂಗಳಾಯಿತು, ಹಾರ್ನ್ ಕೇಳಿಸುತ್ತಲೇ ಇದೆ. ನಿಷೇಧಕ್ಕೆ ಮೊದಲು ಎಷ್ಟು ಶಾಂತವಾಗಿತ್ತು! ಪೇಪರಿಗೆ ಮತ್ತೆ ಬರೆದೆ, ಈ ಸಲ ನಿಜವಾಗಿಯೂ ಚುಚ್ಚಿದ್ದೇನೆ. ಅಚ್ಚಾಗಿದೆ. ಒಬ್ಬರೂ ನಗಲಿಲ್ಲ. ಕನ್ನಡಕದಂಗಡಿಯವರು, "ಮೊದಲಿನ ಖಾರ ಇಲ್ಲ ಸಾರ್" ಎಂದರು.

ಈಗ ಮುಖ್ಯ ವಿಷಯ.

ಯಂತ್ರ ಕೊಟ್ಟ ದಿನ ಅಮ್ಮ ಬಂದಿರಲಿಲ್ಲ, ಗ್ರಂಥಾಲಯದಲ್ಲಿ ಪುಸ್ತಕ ಎಣಿಸುವ ದಿನ. ಸಂಜೆ ಅಂಗಡಿ ಮುಚ್ಚಿ ಮೆಟ್ಟಿಲು ಹತ್ತಿದೆ. ನನ್ನ ಚಪ್ಪಲಿಯ ಸದ್ದು ನನಗಿಂತ ಮುಂದೆ ಹೋಗುತ್ತಿತ್ತು. ಬಾಗಿಲು ತೆರೆದಿತ್ತು. ಅವಳು ಎಂದಿನಂತೆ ಬೆನ್ನು ಹಾಕಿ ಒಲೆಯ ಮುಂದೆ ನಿಂತಿದ್ದಳು. ತಿರುಗಲಿಲ್ಲ. ತಿರುಗದೇ, ಗ್ರಂಥಾಲಯದಲ್ಲಿ ಪುಸ್ತಕ ಕೊಡುವಾಗ ಮಾತಾಡುತ್ತಾಳಲ್ಲ, ಅದೇ ದನಿಯಲ್ಲಿ ಹೇಳಿದಳು:

"ಬಂದ್ರಾ? ಇವತ್ತೇನು ಸುದ್ದಿ, ಹೇಳಿ."

ಹೊಸಿಲಲ್ಲೇ ನಿಂತುಬಿಟ್ಟೆ. ಇದನ್ನೇ ಕೇಳುತ್ತಿದ್ದಳು ಪುಟ್ಟಿ. ದಿನಾ ಸಂಜೆ ಇದನ್ನೇ ಕೇಳುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಹಾದು ಹೋಗಿ, ಕುರ್ಚಿಯಲ್ಲಿ ಕೂತು, ಆ ಸುದ್ದಿಯನ್ನೆಲ್ಲ ಒಬ್ಬನೇ ಓದಿಕೊಂಡು, ಇವಳಿಗೆ ನನ್ನ ಮೇಲೆ ಎಷ್ಟು ಕೋಪ ಎಂದು ಕೊರಗುತ್ತಿದ್ದೆ.

ಕುರ್ಚಿಗೆ ಹೋಗಲಿಲ್ಲ. ಅಡಿಗೆಮನೆಯಲ್ಲೇ ಗೋಡೆಗೆ ಒರಗಿ ಕೂತೆ. "ಬಹಳ ಇದೆ. ಮಾರ್ಚಿಂದ ಶುರು ಮಾಡ್ಲಾ?" ಎಂದೆ. ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ತಿರುಗಿದಳು. ಅವಳು ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ, ಆ ಒಂದು ಮೌನ ಮಾತ್ರ ನಿಜವಾಗಿಯೂ ಬಂಗಾರ. ಆಮೇಲೆ ಶುರು ಮಾಡಿದೆ. ಧ್ವನಿ ಕಳ್ಳರು, ಅಂಗಿ ಹೊಲಿಯುವ ರೋಬೋಟ್, ಫೋನಿನ ಕಿರಣ, ಹಾರ್ನ್ ಕಾಯಿದೆ, ಒಂದನ್ನೂ ಬಿಡದೆ ನನ್ನ ಅಭಿಪ್ರಾಯ ಹೇಳಿದೆ. ಅವಳು ಒಂದನ್ನೂ ಒಪ್ಪಲಿಲ್ಲ. ಪ್ರತಿಯೊಂದರಲ್ಲೂ ಎರಡೆರಡು ತಪ್ಪು ಹುಡುಕಿದಳು, ಪಿಸುಮಾತಿನಲ್ಲೇ. ಪಲ್ಯ ಸೀದುಹೋಯಿತು. ನನಗೆ ಇಷ್ಟು ಸುಖವಾಗಿ ಸೋತು ಯಾವ ಕಾಲವಾಗಿತ್ತೋ.

ಇನ್ನು ಫೋನ್ ಎತ್ತುತ್ತೇನೆ. ಕತ್ತರಿಯ ಪ್ರಶ್ನೆ ಕೇಳುತ್ತೇನೆ, ಉತ್ತರ ನೆನಪಿಟ್ಟುಕೋ. ಬೆಳಗ್ಗೆ ಮಾಡು, ಮಧ್ಯಾಹ್ನ ಮಾಡು, ಯಾವಾಗ ಬೇಕಾದರೂ ಮಾಡು. ಸಂಜೆ ಮಾತ್ರ ಬೇಡ. ಸಂಜೆ ನಾವು ಮಾತಾಡುತ್ತಿರುತ್ತೇವೆ.

ನಿನ್ನ ಅಪ್ಪ